ಹೂದಾನಿ ಬೀರುವಿನ ಬೀಗದ ಕೈ

ವಿಜಯನಗರದ ನಮ್ಮ ಚರ್ಚಿನಲ್ಲಿ ಆಲ್ಟರ್, ಅಂದರೆ ಮುಂದಿನ ಪೂಜಾವೇದಿಕೆಯ ಮೇಲೆ ಹೂವಿಡುವ ಕೆಲಸ ಇಪ್ಪತ್ತು ವರ್ಷದಿಂದ ನನ್ನದು. ಹಿತ್ತಾಳೆಯ ಎರಡು ಹೂದಾನಿಗಳನ್ನು ಚರ್ಚಿಗೆ ಕೊಟ್ಟವರು ನನ್ನ ಅತ್ತೆ. ಪ್ರತಿ ಶನಿವಾರ ಅವನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಹೂವಿಟ್ಟು, ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದೆ. ಬೀಗದ ಕೈ ನನ್ನ ಪರ್ಸಿನಲ್ಲಿ. ಸಭಾಪಾಲಕರಿಗೂ, ಅಂದರೆ ನಮ್ಮ ಪಾದ್ರಿಗಳಿಗೂ, ಕೊಟ್ಟವಳಲ್ಲ.

ಹೋದ ವರ್ಷ ಕುರುಬರಹಳ್ಳಿಯಿಂದ ಹೊಸದಾಗಿ ಕ್ರಿಸ್ತನನ್ನು ನಂಬಿದ ಒಬ್ಬಳು ಚರ್ಚಿಗೆ ಬರತೊಡಗಿದಳು. ಹೂವಿನ ಅಂಗಡಿಯವಳು. ಮಾತಾಡುತ್ತಲೇ ಸೇವಂತಿಗೆ ಕಟ್ಟುತ್ತಾಳೆ, ಕೈ ಕಡೆ ನೋಡುವುದೂ ಇಲ್ಲ. ನಾನು ಅರ್ಧ ಗಂಟೆ ಒದ್ದಾಡಿ ಜೋಡಿಸಿದ ಹೂವಿಗೆ ಅವಳು ಎರಡು ಎಲೆ ಸಿಕ್ಕಿಸಿದರೆ ಸಾಕು, ಎಲ್ಲರೂ ಅವಳನ್ನೇ ಹೊಗಳುವರು. ನನಗೆ ಹೊಟ್ಟೆಕಿಚ್ಚು, ಯಾಕೆ ಮುಚ್ಚಿಡಲಿ? ಸಾರಿಗೆ ಒಗ್ಗರಣೆ ಹಾಕುವಾಗಲೂ ಅವಳ ಬೆರಳುಗಳೇ ಕಣ್ಣ ಮುಂದೆ.

ಒಂದು ದಿನ ಅವಳಾಗಿಯೇ ಹೇಳಿದಳು: “ಭಾನುವಾರದ ಮದುವೆ ಆರ್ಡರೆಲ್ಲ ಬಿಟ್ಬಿಟ್ಟೆ ಆಂಟಿ. ಪ್ರಾರ್ಥನೆಗೆ ಕೂತ್ರೂ ಮನಸ್ಸು ಮಂಟಪದಲ್ಲೇ ಇರ್ತಿತ್ತು. ಅದೇ ನನ್ ದೇವ್ರಾಗೋಗಿತ್ತು. ನೀವೇನ್ ಬಿಟ್ರಿ ಆಂಟಿ?”

“ನಾವು ಮೂರು ತಲೆಮಾರಿಂದ ಕ್ರೈಸ್ತರಮ್ಮ. ನಮಗೆ ಬಿಡೋದಕ್ಕೆ ಏನಿರುತ್ತೆ?” ಎಂದೆ, ಬಿಂಕದಿಂದಲೇ.

ಈಸ್ಟರ್ ಬಂತು. ಈ ಸಲ ಹೂವಿನ ಕೆಲಸ ಅವಳು ಮಾಡಲಿ ಎಂದರು ಸಭಾಪಾಲಕರು. ಆಯಿತು ಎಂದು ತಲೆಯಾಡಿಸಿ ಬಂದೆ. ಶನಿವಾರ ಜ್ವರ ಎಂದು ಹೇಳಿಕಳಿಸಿ, ಫೋನ್ ಆಫ್ ಮಾಡಿ ಮನೆಯಲ್ಲೇ ಕೂತೆ. ಬೀಗದ ಕೈ ನನ್ನ ಹತ್ತಿರ. ಹೂದಾನಿಯಿಲ್ಲದೆ ಏನು ಮಾಡುತ್ತಾಳೋ ನೋಡೇಬಿಡೋಣ ಎಂದು.

ಮರುದಿನ ಹೋದರೆ, ಆಲ್ಟರ್ ಮೇಲೆ ಅವಳ ಅಂಗಡಿಯ ಎರಡು ಪ್ಲಾಸ್ಟಿಕ್ ಬಕೆಟ್ಟು. ಸುತ್ತ ಬಿಳಿ ಪಂಚೆ, ಒಳಗೆ ತುಂಬ ಸುಗಂಧರಾಜ. ಚೆನ್ನಾಗಿತ್ತು, ಹಾಳಾದ್ದು, ನನ್ನ ಹಿತ್ತಾಳೆಗಿಂತ ಚೆನ್ನಾಗಿತ್ತು. ನನ್ನನ್ನು ಕಂಡವಳೇ ಓಡಿಬಂದು ಕೈ ಹಿಡಿದಳು.

“ಜ್ವರ ಹೆಂಗಿದೆ ಆಂಟಿ? ನಿನ್ನೆ ನಾವೆಲ್ಲ ಸೇರಿ ನಿಮಗೋಸ್ಕರ ಪ್ರಾರ್ಥನೆ ಮಾಡಿದ್ವಿ.”

ಇಲ್ಲದ ಜ್ವರಕ್ಕೆ! ಬೆಂಚಿನಲ್ಲಿ ಕೂತು ಕಣ್ಣು ಮುಚ್ಚಿದರೆ ಅವಳ ಪ್ರಶ್ನೆಯೇ ಎದುರು ಬಂದು ನಿಂತಿತು. ನೀವೇನ್ ಬಿಟ್ರಿ? ಎಲ್ಲರೂ ಪ್ರಾರ್ಥಿಸುತ್ತಿದ್ದರೆ ನನ್ನ ಬೆರಳು ಪರ್ಸಿನೊಳಗೆ ಬೀಗದ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಇಪ್ಪತ್ತು ವರ್ಷ ಆ ಆಲ್ಟರ್ ಮುಂದೆ ನಿಂತು ನಾನು ನೋಡಿದ್ದು ನನ್ನ ಹೂದಾನಿಗಳನ್ನು ಮಾತ್ರ. ನಾಚಿಕೆಯಾಯಿತು.

ಆರಾಧನೆ ಮುಗಿದ ಮೇಲೆ ಅವಳನ್ನು ಬೀರುವಿನ ಹತ್ತಿರ ಕರೆದೆ. “ಜ್ವರ ಇರ್ಲಿಲ್ಲ ಕಣಮ್ಮ. ತಗೋ,” ಎಂದು ಬೀಗದ ಕೈ ಚಾಚಿದೆ.

ಅವಳು ಬೀಗದ ಕೈ ತೆಗೆದುಕೊಂಡಳು. “ನನ್ ಹತ್ರ ಬೇಡ ಆಂಟಿ. ನಂಗೂ ಅದನ್ನ ಹಿಡ್ಕೊಂಡಿರೋದೇ ಅಭ್ಯಾಸ ಆಗೋಗುತ್ತೆ,” ಎಂದು ಪಕ್ಕದ ಗೋಡೆಯ ಮೊಳೆಗೆ ಅದನ್ನು ನೇತುಹಾಕಿದಳು.

ಈಗಲೂ ಶನಿವಾರ ಹೋದ ತಕ್ಷಣ ಮೊದಲು ಆ ಮೊಳೆಯನ್ನೇ ನೋಡುತ್ತೇನೆ. ಖಾಲಿಯಿದ್ದರೆ, ನನಗಿಂತ ಮುಂಚೆ ಬಂದಿದ್ದಾಳೆ ಎಂದು ಹೊಟ್ಟೆ ಉರಿಯುತ್ತದೆ. ಸೆರಗು ಸಿಕ್ಕಿಸಿಕೊಂಡು, ಅವಳ ಹೂವಿಗೆ ನೀರು ತರಲು ನಲ್ಲಿಯ ಕಡೆ ಹೋಗುತ್ತೇನೆ.