ರಮಾಮಣಿ ಮಿಸ್ ಎಳೆದ ಗೆರೆ

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆ ದಾಟಿದರೆ ವಿಮೆ ನೌಕರರ ಕಾಲೊನಿ. ರಮಾಮಣಿ ಮಿಸ್ ಮನೆ ಅಲ್ಲೇ. ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಟ್ಟು ನಿವೃತ್ತರಾದವರು. ಗಂಡ ಶ್ರೀಹರಿ ತೀರಿಕೊಂಡ ಮೇಲೆ ವರಾಂಡದ ಗೋಡೆಗೆ ಕರಿಹಲಗೆ ತೂಗುಹಾಕಿ, ಸಂಜೆ ಹೊತ್ತು ಮಕ್ಕಳಿಗೆ ಕಲಿಸತೊಡಗಿದ್ದರು.

ನನ್ನ ಮಗಳು ದೀಪುವನ್ನು ಅಲ್ಲಿ ಸೇರಿಸಿದಾಗ ನನಗೆ ಚಿತ್ರಕಲೆ ಬೇಕಿರಲಿಲ್ಲ, ಮಾತು ಬೇಕಿತ್ತು. ಐದು ತುಂಬಿದರೂ ದೀಪು ಅಪ್ಪ ಅಮ್ಮನ ಹೊರತು ಯಾರೆದುರೂ ಬಾಯಿ ಬಿಡುತ್ತಿರಲಿಲ್ಲ. ಶಾಲೆಯಲ್ಲಿ ಬಾತ್‌ರೂಮಿಗೆ ಹೋಗಬೇಕೆಂದೂ ಕೇಳದೆ ಒದ್ದೆ ಮಾಡಿಕೊಂಡು ಬರುತ್ತಿದ್ದಳು. ನಾನೋ, ಮೊಬೈಲಿನಲ್ಲಿ ಹುಡುಕಿ ಇದ್ದಬದ್ದ ಕಾಯಿಲೆಯನ್ನೆಲ್ಲ ಅವಳಿಗೆ ಅಂಟಿಸಿ ನಿದ್ದೆಗೆಟ್ಟಿದ್ದೆ. ಚಿತ್ರ ಬರೆಸಿ ನೋಡಿ, ಕೈ ಪಳಗಿದರೆ ಮನಸ್ಸೂ ಬಿಚ್ಚೀತು ಎಂದು ಡಾಕ್ಟರು ಹೇಳಿದ್ದರು.

ಮಿಸ್ ಕಲಿಸುವ ರೀತಿಯೇ ಬೇರೆ. ಹಲಗೆಯ ಮೇಲೆ ನಿಧಾನವಾಗಿ ಒಂದು ಚಿತ್ರ ಬರೆದು, ಮಕ್ಕಳು ನೋಡುತ್ತಿದ್ದಂತೆಯೇ ಅಳಿಸಿಬಿಡುವರು. ಎದುರಿಗಿಟ್ಟುಕೊಂಡು ನಕಲು ಮಾಡಿದರೆ ಕೈ ಸೋಮಾರಿಯಾಗುತ್ತದೆ, ನೋಡಿದ್ದು ಕಣ್ಣಿಂದ ಕೈಗೆ ಇಳಿಯಬೇಕು ಎನ್ನುವರು. ಕೆಲವೇ ತಿಂಗಳಲ್ಲಿ ದೀಪು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುವುದು ಬಿಟ್ಟಳು. ಅಂಗಿಯ ಗುಂಡಿ ತಾನೇ ಹಾಕಿಕೊಂಡಳು. ಶಾಲೆಯಲ್ಲಿ ಹೊಟ್ಟೆನೋವು ಬಂದ ದಿನ, ಹೊಟ್ಟೆಯೊಳಗೆ ಕಪ್ಪು ಉಂಡೆಯಿರುವ ಹುಡುಗಿಯನ್ನು ಬರೆದು ಟೀಚರಿಗೆ ತೋರಿಸಿದಳಂತೆ. ಮಾತು ಮಾತ್ರ ಇನ್ನೂ ಬಂದಿರಲಿಲ್ಲ. ಬರುತ್ತೆ ಬಿಡಮ್ಮ, ಅವಸರ ಮಾಡಬೇಡ ಎಂದು ಮಿಸ್ ನನ್ನನ್ನು ಗದರುತ್ತಿದ್ದರು.

ಆ ವರ್ಷವೇ ಮಿಸ್ ಕೈಗೆ ನಡುಕ ಹತ್ತಿತು. ನರದ ಕಾಯಿಲೆ, ಮಾತ್ರೆ ತಗೊಳ್ಳುತ್ತಿದ್ದೇನೆ ಎಂದರು. ಸೀಮೆಸುಣ್ಣ ಹಿಡಿದರೆ ಗೆರೆ ಅಲುಗುತ್ತಿತ್ತು. ಕೂಡಲೇ ಅಳಿಸಿಬಿಡುತ್ತಿದ್ದುದರಿಂದ ಆ ಗೆರೆಯನ್ನು ನಾವು ತಾಯಂದಿರು ಯಾರೂ ಗಮನಿಸಲಿಲ್ಲ.

ಒಂದು ಸಂಜೆ, ಬಣ್ಣ ಒಣಗಲೆಂದು ದಾರಕ್ಕೆ ಕ್ಲಿಪ್ ಹಾಕಿದ್ದ ಹಾಳೆಗಳ ಮುಂದೆ ಯಮುನಾ ನಿಂತಳು. ಮಗನನ್ನು ಕರೆದೊಯ್ಯಲು ಕಗ್ಗದಾಸಪುರದಿಂದ ಬರುತ್ತಿದ್ದವಳು.

"ಏನ್ರೀ ಇದು, ಎಲ್ಲಾರ ಮನೆಗೂ ಭೂಕಂಪ ಆದಂಗಿದೆ," ಎಂದು ನಕ್ಕಳು.

ನಿಜ. ಒಂದು ಮಗು ಬರೆದ ಮನೆಯ ಗೋಡೆಯೂ ನೆಟ್ಟಗಿರಲಿಲ್ಲ. ಬಾಗಿಲು, ತೆಂಗಿನಮರ, ಸೂರ್ಯ, ಎಲ್ಲವೂ ಒಂದೇ ಬಗೆಯಲ್ಲಿ ಸಣ್ಣಗೆ ನಡುಗುತ್ತಿದ್ದವು. ಗೆರೆಯೆಂದರೆ ಹೀಗೇ ಎಂದು ಮಕ್ಕಳು ಕಲಿತುಬಿಟ್ಟಿದ್ದವು.

ಮಿಸ್ ಎದ್ದು ಬಂದು, ಕನ್ನಡಕ ಏರಿಸಿಕೊಂಡು ಒಂದೊಂದೇ ಹಾಳೆ ನೋಡಿದರು. ಆಗ ದೀಪು ಹೋಗಿ ಅವರ ಸೀರೆ ಜಗ್ಗಿದಳು.

"ಮಿಸ್, ನಿಮ್ ಥರಾನೇ ಬರ್ದಿದೀನಿ. ನೋಡಿ."

ಆ ಒಂದು ಮಾತಿಗಾಗಿ ನಾನು ಎಷ್ಟು ದೇವರಿಗೆ ಮುಡಿಪು ಕಟ್ಟಿದ್ದೆನೋ. ಕೇಳಿದಾಗ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಮಿಸ್ ಅವಳ ತಲೆ ಸವರಿ, ತುಂಬಾ ಚೆನ್ನಾಗಿದೆ ಪುಟ್ಟಿ ಎಂದು ಮುಖ ಆಚೆ ತಿರುಗಿಸಿಕೊಂಡರು.

ಎಲ್ಲರೂ ಹೋದ ಮೇಲೆ, ಇನ್ನು ಕ್ಲಾಸ್ ಇಲ್ಲ ಎಂದರು. ನಾನು ಗೋಗರೆದೆ. ನೀವು ಬರೆಯುವುದೇ ಬೇಡ, ಸುಮ್ಮನೆ ಪಕ್ಕದಲ್ಲಿ ಕೂತಿರಿ, ಅವಳು ಬಾಯಿ ಬಿಟ್ಟಿದ್ದೇ ಇವತ್ತು ಎಂದೆ.

"ಮಕ್ಕಳು ನಾನು ಹೇಳಿದ್ದು ಕಲಿಯಲ್ಲಮ್ಮ, ನನ್ನ ಕೈನ ಕಲೀತಾವೆ," ಎಂದರು. "ಈ ಕೈನ ಅವಕ್ಕೆ ಕೊಡಲಾರೆ."

ದೀಪುವನ್ನು ಇಂದಿರಾನಗರದ ಒಂದು ಕ್ಲಾಸಿಗೆ ಸೇರಿಸಿದೆ. ಮೊದಮೊದಲು ಗೋಡೆ ನೋಡುತ್ತ ಕೂತಿರುತ್ತಿದ್ದಳು. ಒಂದು ದಿನ ಅಲ್ಲಿನ ಮೇಡಂ ಅವಳು ಬರೆದ ಮನೆಯನ್ನು ಅಳಿಸಿ, ಸ್ಕೇಲ್ ಇಟ್ಟು ನೇರ ಗೆರೆ ಎಳೆದುಕೊಟ್ಟರಂತೆ. ದೀಪು ಇಡೀ ಕ್ಲಾಸಿಗೆ ಕೇಳುವಂತೆ, "ಇದು ತಪ್ಪು. ನಮ್ ಮಿಸ್ ಅಲ್ಲಾಡಿಸಿ ಬರೀತಾರೆ," ಎಂದಳಂತೆ.

ಅವತ್ತೇ ಮಿಸ್‌ಗೆ ಫೋನ್ ಮಾಡಿ, ಹೊಸಬರ ಎದುರಿಗೂ ದೀಪು ಮಾತಾಡಿದಳು ಎಂದೆ. ಅವರ ದನಿಗೆ ಕಳೆ ಬಂತು.

"ಹೌದಾ? ಏನಂದ್ಲಮ್ಮ?"

ಕುಡಿಯಲು ನೀರು ಕೇಳಿದಳು ಎಂದೆ.

"ಕೇಳ್ಲಿ, ಕೇಳ್ಲಿ," ಎಂದರು. ಅವರ ಕೈಯಲ್ಲಿದ್ದ ಫೋನು ಕಿವಿಯ ಓಲೆಗೆ ತಗುಲಿ ತಗುಲಿ ಸದ್ದು ಮಾಡುತ್ತಲೇ ಇತ್ತು.