ಸ್ಪೀಕರ್ ಹಾಕಿಸಿ ಬೈದದ್ದು

ಬೈಯುವುದರಲ್ಲಿ ನನಗೆ ಹೆಸರಿದೆ. ಸೋಸಲೆಯ ಸುತ್ತಮುತ್ತ ಪ್ರೈಮರಿ ಸ್ಕೂಲುಗಳಲ್ಲೇ ಟೀಚರಾಗಿ ಆಯಸ್ಸು ಕಳೆದವಳು ನಾನು. ಒಂದು ಮಗುವಿಗೂ ಕೋಲು ತಾಗಿಸಲಿಲ್ಲ, ಬಾಯಿಯೇ ಸಾಕಾಗುತ್ತಿತ್ತು. ಇವತ್ತಿಗೂ ತಿ. ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಮೀಸೆ ನೆರೆತ ಗಂಡಸರು ನನ್ನನ್ನು ಕಂಡರೆ ಬೀಡಿ ಬೆನ್ನ ಹಿಂದಕ್ಕೆ ಒಯ್ಯುತ್ತಾರೆ. ಸಮಾಧಾನದಲ್ಲಿದ್ದಾಗ ಪಾಠದ ಕನ್ನಡ ಮಾತಾಡುತ್ತೇನೆ. ಸಿಟ್ಟು ಬಂತೋ, ನಮ್ಮವ್ವನ ಹಳ್ಳಿ ಮಾತೇ ನುಗ್ಗಿಕೊಂಡು ಬರುತ್ತದೆ.

ಸೊಸೆ ಹೆಮ್ಮರಗಾಲದವಳು. ಮದುವೆಯಾಗಿ ಬಂದಾಗ ನಂಜನಗೂಡಿನ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸಾಗಿದ್ದಳು. ಹೊಸದರಲ್ಲಿ ಅವಳಿಗೂ ಬೈದಿದ್ದೇನೆ. ಹಾಲು ಉಕ್ಕಿಸಿದ್ದಕ್ಕೆ, ನೈಟ್ ಡ್ಯೂಟಿ ಮುಗಿಸಿ ಬಂದವಳು ಉಣ್ಣದೆ ಮಲಗಿದ್ದಕ್ಕೆ, ಒದ್ದೆ ತಲೆ ಒರೆಸಿಕೊಳ್ಳದೆ ಬಸ್ಸಿಗೆ ಓಡಿದ್ದಕ್ಕೆ. ಎಷ್ಟು ಬೈದರೂ ಅವಳು ತಲೆ ತಗ್ಗಿಸಿಕೊಂಡು ನಗುತ್ತಿದ್ದಳು. ಯಾರಿಗೂ ಒಂದು ಎದುರು ಮಾತಾಡಿದವಳಲ್ಲ. ಬೈಸಿಕೊಂಡು ನಗುವವಳ ಮೇಲೆ ಎಷ್ಟು ಹೊತ್ತು ಅಂತ ಸಿಟ್ಟು ಇಟ್ಟುಕೊಳ್ಳುವುದು?

ಹೊರದೇಶದ ಕೆಲಸ ಬಂದಾಗ ಹೋಗಿ ಬಾ ಅಂದವಳೂ ನಾನೇ. ಮಗ ತಾಂಡವಪುರದ ಹತ್ತಿರ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸದವನು, ಅವನು ಗೊಣಗಿದ. ಮೊಮ್ಮಗಳು ಆಗಿನ್ನೂ ಅಂಗನವಾಡಿಗೆ ಹೋಗುವ ಮಗು. ನಾನು ನೋಡಿಕೊಳ್ಳುತ್ತೇನೆ ಅಂದೆ. ಆ ದೇಶದ ಹೆಸರು ಬರೆಯುವುದಿಲ್ಲ. ಅಲ್ಲಿ ಇನ್ನೂ ಜನ ಇದ್ದಾರೆ, ನಮ್ಮ ಮಾತಿನಿಂದ ಅವರಿಗೆ ಯಾವ ತೊಂದರೆಯೂ ಬೇಡ.

ಅವಳು ಸೇರಿದ್ದು ಒಂದು ಸಣ್ಣ ಊರಿನ ಆಸ್ಪತ್ರೆ. ಊರಿನವರೇ ಕೂಡಿ ಕಟ್ಟಿಕೊಂಡಿದ್ದಂತೆ. ಒಬ್ಬ ಜಾಗ ಬಿಟ್ಟುಕೊಟ್ಟ, ಇನ್ನೊಬ್ಬ ಇಟ್ಟಿಗೆ ಇಳಿಸಿದ, ದರ್ಜಿಗಳೆಲ್ಲ ಸೇರಿ ಪರದೆ ಹೊಲಿದುಕೊಟ್ಟರು. ನಮ್ಮ ಕಡೆ ಊರೊಟ್ಟಿನಲ್ಲಿ ದಾಸೋಹದ ಮನೆ ಎಬ್ಬಿಸುವುದಿಲ್ಲವೇ, ಹಾಗೆ. ಅಲ್ಲಿ ಒಬ್ಬ ಹೆಡ್ ನರ್ಸ್ ಇದ್ದರು, ಅದೇ ದೇಶದವರು, ವಯಸ್ಸಾದವರು. ಸೊಸೆ ಅವರನ್ನು ದೊಡ್ಡ ಸಿಸ್ಟರ್ ಅನ್ನುತ್ತಿದ್ದಳು. ಫೋನಿನಲ್ಲಿ ಅವರದೇ ಮಾತು. ದೊಡ್ಡ ಸಿಸ್ಟರ್ ಹೀಗಂದರು, ದೊಡ್ಡ ಸಿಸ್ಟರ್ ಹಾಗೆ ಬ್ಯಾಂಡೇಜ್ ಸುತ್ತುತ್ತಾರೆ. ನನಗೆ ಒಳಗೊಳಗೇ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಆಮೇಲೆ ಯುದ್ಧ ಶುರುವಾಯಿತು. ಮೊದಮೊದಲು ದೂರದಲ್ಲೆಲ್ಲೋ ಅಂದಳು. ಸ್ವಲ್ಪ ದಿನಕ್ಕೆ ಊರಿನ ಸುತ್ತಲೂ ದಾರಿ ಬಂದ್ ಆಯಿತು. ಒಳಕ್ಕೆ ಔಷಧಿ ಬರುವಂತಿಲ್ಲ, ಹೊರಕ್ಕೆ ರೋಗಿ ಹೋಗುವಂತಿಲ್ಲ. ಮಹಡಿಯ ವಾರ್ಡಿಗೆ ಶೆಲ್ ಬಿದ್ದು ಗೋಡೆ ಹೋದ ಮೇಲೆ ಎಲ್ಲರನ್ನೂ ನೆಲದ ಕೆಳಗಿನ ಸಾಮಾನು ಕೋಣೆಗೆ ಇಳಿಸಿಕೊಂಡರು. ಡಾಕ್ಟರುಗಳಲ್ಲಿ ಒಬ್ಬರು ತೀರಿಕೊಂಡರು, ಉಳಿದವರು ಒಬ್ಬರೇ. ಹಾಸಿಗೆಯ ಬಟ್ಟೆ ಹರಿದು, ಕುದಿಸಿ, ಬ್ಯಾಂಡೇಜ್ ಮಾಡಿಕೊಂಡರು. ನೀರು ಕತ್ತೆಗಾಡಿಯಲ್ಲಿ ಬರುತ್ತಿತ್ತು. ಇದ್ದ ಒಂಚೂರು ಡೀಸೆಲ್ಲಿನಲ್ಲಿ ಜನರೇಟರ್ ಹಾಕಿದರೆ, ಅದು ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವುದಕ್ಕೆ, ಉಸಿರಾಟದ ಮಿಷನ್ನಿಗೆ. ಅದು ಓಡುವಷ್ಟು ಹೊತ್ತು ಮಾತ್ರ ನೆಟ್ ಸಿಗುತ್ತಿತ್ತು, ನಮಗೆ ಅವಳ ಮುಖ ಕಾಣುತ್ತಿತ್ತು.

ಮೊಮ್ಮಗಳು ಫೋನಿನ ಹತ್ತಿರ ಬರುವುದನ್ನೇ ಬಿಟ್ಟಿತು. ರಿಂಗ್ ಆದರೆ ಸಾಕು, ಹಿತ್ತಲಿಗೆ ಓಡಿ ಒಗೆಯುವ ಕಲ್ಲಿನ ಹಿಂದೆ ಕೂರುತ್ತಿತ್ತು. 'ಮಲಗಿದ್ದಾಳೆ' ಅನ್ನುತ್ತಿದ್ದೆ. ನಡು ಮಧ್ಯಾಹ್ನದಲ್ಲೂ ಮಲಗಿದ್ದಾಳೆ ಅನ್ನುತ್ತಿದ್ದೆ. ಸೊಸೆ 'ಹೂಂ ಅತ್ತೆ, ಮಲಗಲಿ' ಅನ್ನುತ್ತಿದ್ದಳು.

ಒಂದು ದಿನ ಸುದ್ದಿ ಬಂತು. ಗಾಯಾಳುಗಳನ್ನು ಸಾಗಿಸುವುದಕ್ಕೆ ಒಂದೇ ಒಂದು ಸಲ ದಾರಿ ಬಿಡುತ್ತಾರಂತೆ, ಆ ಲಾರಿಗಳಲ್ಲಿ ಹೊರದೇಶದವರನ್ನೂ ಹತ್ತಿಸಿಕೊಳ್ಳುತ್ತಾರಂತೆ. ಮತ್ತೆ ಬಿಡುತ್ತಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಮಗ ಕುಣಿದಾಡಿಬಿಟ್ಟ. ಸೊಸೆ ಮಾತ್ರ ಬರುವುದಿಲ್ಲ ಅಂದಳಂತೆ. ಆಸ್ಪತ್ರೆಯಲ್ಲಿ ಓದಿದ ನರ್ಸುಗಳು ಅಂತ ಉಳಿದಿದ್ದವರು ಇಬ್ಬರೇ, ದೊಡ್ಡ ಸಿಸ್ಟರ್ ಮತ್ತೆ ಇವಳು. ಇವಳು ಹೊರಟರೆ ಆ ಮುದುಕಿ ಒಬ್ಬರೇ.

ಮಗ ನನ್ನ ಮುಂದೆ ಬಂದು ಕೂತ. ಅವನ ಮುಖ ಬಿಳಿಚಿಕೊಂಡಿತ್ತು.

"ಅವ್ವ, ನೀನು ಮಂಚದ ಮೇಲೆ ಮಲಕ್ಕೊ. ಸೀರಿಯಸ್ಸು ಅಂತ ಹೇಳ್ತೀನಿ. ನಿನ್ನ ಮುಖ ತೋರಿಸಿದ್ರೆ ಓಡಿ ಬರ್ತಾಳೆ."

"ಥೂ ನಿನ್ನ! ನರ್ಸಿನ ಹತ್ರ ಕಾಯಿಲೆ ನಾಟ್ಕ ಆಡಕ್ಕಾಯ್ತದೇನ್ಲಾ? ನಾಲಿಗೆ ಚಾಚಿ ಅಂತಾಳೆ, ಕಾಲು ಒತ್ತಿ ತೋರ್ಸಿ ಅಂತಾಳೆ, ಸಿಕ್ಕಾಕೊಳ್ಳದು ನಾನು. ಬಿಪಿ ಕೂಡ ಇಲ್ಲ ನಂಗೆ."

ಅವನಿಗೆ ನಗುವೂ ಬಂತು, ಅಳುವೂ ಬಂತು. "ಮತ್ತೇನು ಮಾಡೋಣ ಹೇಳವ್ವ" ಅಂದ. ನನಗೂ ಗೊತ್ತಿರಲಿಲ್ಲ.

ಅವತ್ತು ಮಧ್ಯಾಹ್ನ ಅವಳೇ ಫೋನ್ ಮಾಡಿದಳು. ಕಣ್ಣು ಗುಳಿ ಬಿದ್ದಿದ್ದವು. "ನಾಳೆ ಬೆಳಗ್ಗೆ ಲಾರಿ ಅತ್ತೆ. ನಾನು ಹೋಗಲ್ಲ ಅಂತ ಹೇಳಿಬಿಟ್ಟಿದೀನಿ. ಇಲ್ಲಿ ಹೆರಿಗೆಗೆ ಕಾಯ್ತಿರೋರು ಇದಾರೆ" ಅಂದಳು. ಸರಿ ಅಂದೆ. ಅಷ್ಟಕ್ಕೆ ಫೋನ್ ಇಡಬಹುದಿತ್ತು, ಇಡಲಿಲ್ಲ. "ಇವತ್ತು ಏನು ಸಾರು ಅತ್ತೆ?" ಅಂದಳು. ಉಪ್ಸಾರು ಅಂದೆ. "ಯಾವ ಸೊಪ್ಪು?" ಅಂದಳು. ದಂಟು ಅಂದೆ. "ಕಾರ ನೀವೇ ಅರೆದ್ರಾ?" ಅಂದಳು. ಆಮೇಲೆ ಸುಮ್ಮನಾದಳು. ಆದರೂ ಇಡಲಿಲ್ಲ.

ನನಗೆ ಥಟ್ಟನೆ ಅರ್ಥವಾಗಿ ಹೋಯಿತು. ಕ್ಲಾಸಿನಲ್ಲಿ ಮೈ ಬಿಸಿಯಿದ್ದ ಮಗು ಹೀಗೇ ಬಂದು ಮೇಜಿನ ಪಕ್ಕ ನಿಲ್ಲುತ್ತದೆ. ಏನೋ ಮರಿ ಅಂದರೆ ಏನಿಲ್ಲ ಮಿಸ್ ಅನ್ನುತ್ತದೆ. ಸೀಮೆಸುಣ್ಣ ಮುಟ್ಟುತ್ತದೆ, ಡಸ್ಟರ್ ಮುಟ್ಟುತ್ತದೆ, ಜಾಗಕ್ಕೆ ಮಾತ್ರ ಹೋಗುವುದಿಲ್ಲ. ಅದಕ್ಕೆ ಮನೆಗೆ ಹೋಗಬೇಕು, ಹಾಗಂತ ಬಾಯಿಬಿಟ್ಟು ಕೇಳಲಾರದು. 'ನಡಿ ಮನೆಗೆ, ಚೀಲ ತಗೋ' ಅಂತ ನಾವೇ ಗದರಬೇಕು.

ಹೋಗಬೇಕು ಅಂತ ತಾನಾಗಿ ಹೇಳಿದರೆ ಅವಳು ಜನ್ಮಪೂರ್ತಿ ಕೊರಗುತ್ತಾಳೆ. ಬಿಟ್ಟು ಬಂದ ಪಾಪ ಅವಳದಾಗುವುದು ಬೇಡ, ಎಳೆದುಕೊಂಡ ಪಾಪ ನನ್ನ ತಲೆಗೇ ಬರಲಿ ಅಂದುಕೊಂಡೆ. ಅಲ್ಲಿ ಹೆರಿಗೆಗೆ ಕಾಯುತ್ತಿದ್ದವರೂ ಯಾರೋ ಹೆತ್ತ ಮಕ್ಕಳೇ. ಅದು ನನಗೆ ಗೊತ್ತಿಲ್ಲ ಅಂತಲ್ಲ. ಆದರೆ ನನಗೆ ನನ್ನ ಸೊಸೆ ಬೇಕಾಗಿದ್ದಳು. ಅದನ್ನು ಸುತ್ತಿ ಬಳಸಿ ಹೇಳುವುದಿಲ್ಲ.

"ನಿನ್ನ ಪಕ್ಕ ಯಾರಿದಾರೆ?" ಅಂದೆ.

"ಎಲ್ಲಾ ಇಲ್ಲೇ ಇದಾರೆ ಅತ್ತೆ. ದೊಡ್ಡ ಸಿಸ್ಟರೂ ಇದಾರೆ."

"ಸ್ಪೀಕರ್ ಆಕು."

"ಯಾಕತ್ತೆ?"

"ಆಕು ಅಂದ್ರೆ ಆಕ್ಬೇಕು!"

ಹಾಕಿದಳು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತೆ.

"ಏನಮ್ಮೀ, ನಿಂಗೇನ್ ಗ್ಯಾನ ಗೀನ ಅದಾ ಇಲ್ವಾ? ಮನೆ ಬುಟ್ಟು, ಎತ್ತ ಮಗೀನ ಬುಟ್ಟು ಅಲ್ಲೇ ಟೆಂಟ್ ಆಕ್ಕಂಡು ಕುಂತ್ಕಂಡ್ಯಾ? ಯಾರ್ನ ಕೇಳಿ ಬರಾಕಿಲ್ಲ ಅಂದೆ? ಅತ್ತೆ ಅನ್ನೋಳು ಒಬ್ಳು ಬದುಕವ್ಳೆ ಅನ್ನೋದು ಮರ್ತೋಯ್ತಾ? ನಿನ್ ಮಗಳ ತಲೆ ಬಾಚಿ ಬಾಚಿ ನನ್ ರಟ್ಟೆ ಬಿದ್ದೋಗದೆ ಇಲ್ಲಿ! ನಾಳೆ ಲಾರಿ ಅತ್ತಿದ್ಯೋ ಸರಿ. ಅತ್ನಿಲ್ಲ ಅಂದ್ರೆ ನಾನೇ ಬತ್ತೀನಿ ಅಲ್ಲಿಗೆ, ಜುಟ್ಟು ಇಡ್ಕಂಡು ದರದರ ಎಳ್ಕಂಡು ಬತ್ತೀನಿ. ನಿನ್ನ ಸಿಗ್ದು ತೋರಣ ಕಟ್ನಿಲ್ಲ ಅಂದ್ರೆ ನನ್ ಎಸ್ರು ಬದಲಾಯಿಸು!"

ಎದುರು ಮನೆಯವರು ಕಿಟಕಿ ತೆಗೆದು ನೋಡಿದರು. ನಾನು ನಿಲ್ಲಿಸಲಿಲ್ಲ. ಅವಳ ತವರನ್ನು ಎಳೆತಂದೆ, ಮದುವೆಯಲ್ಲಿ ಪಾಯಸ ತಳ ಹತ್ತಿದ್ದನ್ನು ಎಳೆತಂದೆ. ಪಾಪ, ಆ ಪಾಯಸ ಹತ್ತಿಸಿದ್ದು ನಮ್ಮ ಕಡೆಯ ಅಡುಗೆಯವನು. ಬೈಯುತ್ತ ಬೈಯುತ್ತ ನೆಟ್ ಹೋಯಿತು. ಮಗ ಬಾಯಿ ತೆರೆದುಕೊಂಡು ನಿಂತಿದ್ದ. "ಏನವ್ವ ಇದು, ಇರೋದನ್ನೂ ಕೆಡಿಸಿಬಿಟ್ಟೆ" ಅಂದ. ನಾನು ಅಡುಗೆಮನೆಗೆ ಹೋಗಿ ತಣ್ಣಗಿನ ನೀರು ಕುಡಿದೆ.

ಮಾರನೇ ದಿನ ಸಂಜೆಯವರೆಗೂ ಏನೂ ಗೊತ್ತಾಗಲಿಲ್ಲ. ಮಗ ಶಿಫ್ಟಿಗೆ ಹೋಗಲಿಲ್ಲ. ನಾನು ಶ್ರೀಕಂಠೇಶ್ವರನಿಗೆ ಹರಕೆ ಹೊತ್ತೆ, ಜೊತೆಗೆ ಅವನಿಗೂ ಎರಡು ಮಾತು ಬೈದೆ. ದೀಪ ಹಚ್ಚುವ ಹೊತ್ತಿಗೆ ಯಾವುದೋ ಗುರುತಿಲ್ಲದ ನಂಬರಿನಿಂದ ಮೆಸೇಜ್ ಬಂತು. ಗಡಿ ದಾಟಿದ್ದಾಳೆ ಅಂತ.

ಮನೆಗೆ ಬಂದವಳು ಅರ್ಧ ಆಗಿದ್ದಳು. ಕೈಗಳು ಬ್ಲೀಚಿಂಗ್ ಪೌಡರಿಗೆ ಬಿರಿದು ಹೋಗಿದ್ದವು. ಮೊಮ್ಮಗಳು ಅವತ್ತೆಲ್ಲ ದೂರದಿಂದಲೇ ನೋಡಿತು. ಸಂಜೆ ಬಂದು, ಏನೂ ಮಾತಾಡದೆ, ಅಮ್ಮನ ಸೀರೆಯ ನೆರಿಗೆಯಲ್ಲಿ ಮುಖ ಇಟ್ಟು ನಿದ್ದೆ ಹೋಯಿತು. ಸೊಸೆ ಕಾಲು ಜೋಮು ಹಿಡಿದರೂ ಅಲುಗಾಡಲಿಲ್ಲ.

ಒಂದು ಭಾನುವಾರ ಜಗುಲಿ ಮೇಲೆ ಕೂರಿಸಿಕೊಂಡು ಅವಳ ತಲೆಗೆ ಎಣ್ಣೆ ಒತ್ತುತ್ತಿದ್ದೆ. ಆಗ ಅವಳಾಗಿಯೇ ಹೇಳಿದಳು.

"ಅವತ್ತು ನೀವು ಬೈತಾ ಇದ್ರಲ್ಲ ಅತ್ತೆ, ವಾರ್ಡೆಲ್ಲ ಸ್ತಬ್ಧ ಆಗೋಯ್ತು. ಯಾರಿದು ಅಂತ ಒಬ್ಬಳು ಬಾಣಂತಿ ಕೇಳಿದಳು. ನಮ್ಮತ್ತೆ ಅಂದೆ. ಅಯ್ಯೋ ಅಂತ ತಲೆ ಮೇಲೆ ಕೈ ಇಟ್ಕೊಂಡಳು. ಆಮೇಲೆ ಎಲ್ಲಾ ನಕ್ಕರು. ಹೊಲಿಗೆ ಹಾಕಿಸಿಕೊಂಡೋರೂ ಹೊಟ್ಟೆ ಹಿಡ್ಕೊಂಡು ನಕ್ಕರು. ಆ ಕೋಣೇಲಿ ಯಾರಾದ್ರೂ ನಕ್ಕಿದ್ದನ್ನ ನಾನು ಕೇಳಿ ಎಷ್ಟು ಕಾಲ ಆಗಿತ್ತೋ."

"ನಿನ್ನ ದೊಡ್ಡ ಸಿಸ್ಟರ್?"

ನಾನು ಎಣ್ಣೆ ಒತ್ತುತ್ತಲೇ ಇದ್ದೆ.

"ಅವರು ನಗಲಿಲ್ಲ. ಹತ್ತಿರ ಬಂದು ನನ್ನ ಏಪ್ರನ್ ಅವರೇ ಬಿಚ್ಚಿದರು. ನಿನ್ನ ಅತ್ತೆ ಮಾತು ಒಂದೂ ಅರ್ಥ ಆಗಲಿಲ್ಲ, ಆದರೂ ಎಲ್ಲಾ ಅರ್ಥ ಆಯ್ತು ಅಂದರು. ಬೈಯೋರು ಇರೋ ಮನೆ ನಿಂದು, ಹೋಗು. ನನಗೆ ಬೈಯೋರು ಯಾರೂ ಉಳಿದಿಲ್ಲ ಅಂದರು. ಅವರ ಮನೆಯವರೆಲ್ಲ ತೀರಿಹೋಗಿದ್ರು ಅತ್ತೆ, ದಾರಿ ಬಂದ್ ಆದ ಮೊದಲ ವಾರದಲ್ಲೇ. ನಮಗೆ ಯಾರಿಗೂ ಹೇಳಿರಲೇ ಇಲ್ಲ."

ನನ್ನ ಕೈ ನಿಂತುಹೋಯಿತು. ಅವರ ಮೇಲೆ ಹೊಟ್ಟೆಕಿಚ್ಚುಪಟ್ಟಿದ್ದೆನಲ್ಲ ಅಂತ ಜೀವ ಹಿಂಡಿತು. ಅವಳ ತಲೆ ಮೇಲೆ ಗಲ್ಲ ಊರಿಕೊಂಡು ಅತ್ತುಬಿಟ್ಟೆ. ಎಣ್ಣೆಯೆಲ್ಲ ನನ್ನ ಮುಖಕ್ಕೆ ಮೆತ್ತಿಕೊಂಡಿತು.

ಆ ಆಸ್ಪತ್ರೆ ಇನ್ನೂ ನಡೆಯುತ್ತಿತ್ತು. ಊರಿನ ಹೆಣ್ಣುಮಕ್ಕಳು ಕೆಲವರು ಬಂದು ಕೆಲಸ ಕಲಿಯುತ್ತಿದ್ದಾರೆ, ಇಂಜೆಕ್ಷನ್ ಕೊಡುವಷ್ಟು ಆಗಿದ್ದಾರೆ ಅಂತ ದೊಡ್ಡ ಸಿಸ್ಟರ್ ವಾಯ್ಸ್ ಮೆಸೇಜ್ ಕಳಿಸುತ್ತಿದ್ದರು. ಸೊಸೆ ಕೇಳಿಸಿಕೊಂಡು ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಒಂದು ಸಲ, "ಅವರು ಹೊಟ್ಟೆಗೇನು ತಿಂತಾರೆ?" ಅಂತ ಕೇಳಿದೆ. "ಒಂದೊತ್ತು ಜೋಳದ ಗಂಜಿ. ಅದನ್ನೂ ಬಾಣಂತೀರಿಗೆ ಬಗ್ಗಿಸಿಬಿಡ್ತಾರೆ" ಅಂದಳು.

ನನಗೆ ನೆತ್ತಿಗೇರಿತು. "ಕೊಡು ಇಲ್ಲಿ ಫೋನ!" ಅಂದೆ.

"ಏನಮ್ಮಾ, ನೀನೇ ಬಿದ್ದೋದ್ರೆ ಅವ್ರನ್ನೆಲ್ಲ ನೋಡೋರು ಯಾರು, ನಿಮ್ಮಪ್ಪನಾ? ದೊಡ್ಡ ಧರ್ಮರಾಯ ಬಂದ್ಳು, ಅವಳ ಗಂಜಿ ಅವಳು ಕುಡಿಯಾಕಿಲ್ಲ! ಮೊದ್ಲು ಕುಂತ್ಕಂಡು ಉಣ್ಣು. ಉಂಡ ಮೇಲೆ ಸೇವೆ ಮಾಡೀವಂತೆ."

ಕಳಿಸಿಬಿಟ್ಟೆ. ಆಮೇಲೆ ನಾಚಿಕೆಯಾಯಿತು. ಗುರುತು ಪರಿಚಯ ಇಲ್ಲದ ದೊಡ್ಡ ಮನುಷ್ಯರಿಗೆ ಏಕವಚನದಲ್ಲಿ ಹೀಗಾ ಮಾತಾಡುವುದು? ಮಾರನೇ ದಿನ ಉತ್ತರ ಬಂತು. ಬರೀ ನಗು. ನಕ್ಕೂ ನಕ್ಕೂ ಕೊನೆಗೆ ಅದು ನಗುವೋ ಅಳುವೋ ತಿಳಿಯಲಿಲ್ಲ. ಆಮೇಲೆ ಎರಡೇ ಎರಡು ಮಾತು.

"ಏನಂತೆ?"

"ಇನ್ನೊಂದು ಸಲ ಬೈಯಿ ಅಂತ ಕೇಳ್ತಿದಾರೆ ಅತ್ತೆ."

ಅವತ್ತಿನಿಂದ ಅದೊಂದು ಕೆಲಸ ಆಯಿತು ನನಗೆ. ಮೊಮ್ಮಗಳು ಸ್ಕೂಲಿಗೆ, ಮಗ ಶಿಫ್ಟಿಗೆ ಹೋದ ಮೇಲೆ, ಸೊಸೆ ನಂಜನಗೂಡಿನ ಬಸ್ಸಿಗೆ ಹೊರಡುವ ಮುಂಚೆ ಫೋನ್ ಹಿಡಿಯುತ್ತಿದ್ದಳು. ಅವಳು ಮತ್ತೆ ಅಲ್ಲಿನ ಹಳೇ ನರ್ಸಿಂಗ್ ಹೋಮಿನಲ್ಲೇ ಕೆಲಸಕ್ಕೆ ಸೇರಿದ್ದಳು. ಒಂದು ದಿನ ನಿದ್ದೆ ಮಾಡದ್ದಕ್ಕೆ ಬೈದೆ, ಒಂದು ದಿನ ಕಾಲಿಗೆ ಎಣ್ಣೆ ಸವರಿಕೊಳ್ಳದ್ದಕ್ಕೆ. ಬೈಯಲು ಏನೂ ಸಿಗದ ದಿನ ನಮ್ಮ ಬೀದಿಯ ನಲ್ಲಿಗೆ ಬೈದು ಕಳಿಸಿದೆ. ಅಲ್ಲಿ ವಾರ್ಡಿನವರೂ ಸುತ್ತ ಕೂತು ಕೇಳುತ್ತಿದ್ದರಂತೆ.

ಈಚೆಗೆ ಉತ್ತರ ನಿಂತಿದೆ. ಆ ಊರಿನ ಮೇಲೆ ದಾಳಿ ಮತ್ತೆ ಜೋರಾಗಿದೆ ಅಂತ ಸುದ್ದಿ. ಸೊಸೆ ಕೆಲಸದಿಂದ ಬಂದವಳೇ ಫೋನ್ ನೋಡುತ್ತಾಳೆ, ಕೆಳಗಿಡುತ್ತಾಳೆ, ಮತ್ತೆ ನೋಡುತ್ತಾಳೆ. ನಿನ್ನೆ ಸಂಜೆ ನೋಡಲಾಗದೆ ನಾನೇ ಇಸಿದುಕೊಂಡೆ.

"ಏನಮ್ಮಾ ತಾಯಿ, ಬಾಯ್ಗೇನ್ ಬೀಗ ಜಡ್ಕಂಡಿದ್ಯಾ? ಇಬ್ರು ಎಂಗಸ್ರು ಇಲ್ಲಿ ಅನ್ನ ಬುಟ್ಟು ಕುಂತವ್ರೆ. ಉಂಡೆ ಅಂತ ಒಂದ್ ಮಾತು ಯೋಳಕ್ಕೆ ಏನ್ ದಾಡಿ ನಿಂಗೆ? ನೀನೇನಾದ್ರೂ…"

ಮುಂದಕ್ಕೆ ಆಗಲಿಲ್ಲ. ಜನ್ಮದಲ್ಲಿ ಮೊದಲ ಸಲ ಬೈಗುಳ ಗಂಟಲಲ್ಲೇ ನಿಂತಿತು. ಸೊಸೆ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. ಯಾರಿಗೂ ಎದುರು ಮಾತಾಡದ ಹುಡುಗಿ, ಎದ್ದು ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವರ ಭಾಷೆಯಲ್ಲಿ ದೊಡ್ಡ ಸಿಸ್ಟರಿಗೆ ಬೈಯತೊಡಗಿದಳು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ನಿಲ್ಲಿಸಲಿಲ್ಲ, ನನಗಿಂತ ಜೋರಾಗಿ ಬೈದಳು.