ಹಗೇವಿನೊಳಗಿನ ಗಾಳಿ

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆದ ಹೊಸತು. ನಾನು ಮದುವೆಯಾಗಿ ಕಲಬುರಗಿ ಹತ್ತಿರದ ಕಮಲಾಪುರಕ್ಕೆ ಬಂದು ವರ್ಷ ತುಂಬಿರಲಿಲ್ಲ. ಪಕ್ಕದ ಮನೆಯ ದರ್ಜಿ ಚಾಚಾ ಯಾರ ತಂಟೆಗೂ ಹೋದವರಲ್ಲ. ಆದರೆ ಊರೂರು ಲೂಟಿ ಮಾಡಿದ್ದ ರಜಾಕಾರರ ಮೇಲಿನ ಸಿಟ್ಟು ಆಗ ಎಲ್ಲ ಮುಸಲ್ಮಾನರ ಮನೆಗಳತ್ತ ತಿರುಗಿತ್ತು.

ಒಂದು ಮಧ್ಯಾಹ್ನ ಕೊಡಲಿ ಹಿಡಿದ ಗುಂಪು ಓಣಿಗೆ ನುಗ್ಗಿತು. ಚಾಚಾ, ಚಾಚಿ ಹಿತ್ತಲಿನಿಂದ ನಮ್ಮಲ್ಲಿಗೆ ಓಡಿಬಂದರು. ಚಾಚಿಗೆ ನನ್ನ ಅತ್ತೆ ತಮ್ಮ ಸೀರೆ ಉಡಿಸಿ ಒಲೆಯ ಮುಂದೆ ಕೂರಿಸಿದರು. ಚಾಚಾನನ್ನು ಅಡಗಿಸಲು ನನ್ನ ಗಂಡ ಅಂಗಳದ ಹಗೇವಿನ ಬಾಯಿಯ ಕಲ್ಲು ಸರಿಸಿದರು. ಜೋಳ ತೆಗೆದು ಮುಗಿದಿದ್ದ ಆ ಆಳದ ಗುಂಡಿಯ ತಳದಲ್ಲಿ ಮಳೆನೀರು ಇಳಿದು ಉಳಿದ ಕಾಳು ಕೊಳೆಯುತ್ತಿತ್ತು.

"ತೆರೆದ ಕೂಡ್ಲೇ ಇಳೀಬಾರದೋ, ಮೊದಲ ದೀಪ ಬಿಟ್ಟು ಆರ್ತದೇನು ನೋಡು," ಅಂದರು ಅತ್ತೆ.

"ಅಷ್ಟು ಹೊತ್ತು ಎಲ್ಲದ ಯವ್ವಾ?"

ಚಾಚಾ ಹಗ್ಗ ಹಿಡಿದು ಇಳಿದರು. ತಳ ಮುಟ್ಟುತ್ತಲೇ ಹಗ್ಗ ಸಡಿಲಾಯಿತು. ಕರೆದರೆ ಓಗೊಡಲಿಲ್ಲ. ಗಂಡ ಸೊಂಟಕ್ಕೆ ಹಗ್ಗ ಬಿಗಿದು ತಾವೂ ಇಳಿದರು. ಅರ್ಧದಲ್ಲೇ ಅವರ ತಲೆ ಜೋತುಬಿತ್ತು. ನಾನೂ ಅತ್ತೆಯೂ ಅಂಗೈ ಸುಲಿಯುವಂತೆ ಜಗ್ಗಿ ಮೇಲೆ ತಂದೆವು. ತುಟಿಗಳು ನೀಲಿಗಟ್ಟಿದ್ದವು. ಸ್ವಲ್ಪ ಹೊತ್ತಿಗೆ ಎದೆ ಏರಿಳಿಯತೊಡಗಿತು.

ಅಷ್ಟರಲ್ಲಿ ಗುಂಪಿನವರು ಬಾಗಿಲು ಬಡಿದರು. ಅತ್ತೆ ಹಗೇವಿನ ಬಾಯಿಗೆ ಚಾಪೆ ಎಳೆದರು.

"ಏನಾಗ್ಯದ ಇವಗ?"

"ಮೂರ್ಛೆ ಬಂದದರೀ," ಅಂದರು ಅತ್ತೆ.

ಅವರು ಒಳಗೆಲ್ಲ ಇಣುಕಿ ಹೋದರು. ಸಂಜೆ ಓಣಿ ಖಾಲಿಯಾದ ಮೇಲೆ ಕೊಕ್ಕೆ ಕಟ್ಟಿದ ಹಗ್ಗ ಇಳಿಬಿಟ್ಟು ಚಾಚಾನನ್ನು ಮೇಲೆತ್ತಿದಾಗ ಮೈ ತಣ್ಣಗಾಗಿತ್ತು.

ಗಂಡನ ವಾಂತಿ, ತಲೆಸಿಡಿತ ನಿಲ್ಲಲಿಲ್ಲ. ಮರುದಿನ ಬಂಡಿ ಕಟ್ಟಿಸಿ ಕಲಬುರಗಿಯ ದವಾಖಾನೆಗೆ ಹೋದೆವು. ಅಲ್ಲಿ ತಂಗಿಯ ಮನೆಯಿದ್ದ ಚಾಚಿಯೂ ನಮ್ಮೊಂದಿಗೆ ಬಂದರು. ದವಾಖಾನೆಯಲ್ಲಿ ಅವರು ಡಾಕ್ಟರರನ್ನು ಕೇಳಿದರು: "ನಮ್ಮವರ ಎದಿ ಅಂಜಿಕಿಗಿ ಒಡೀತೇನ್ರಿ?"

"ಇಲ್ಲಮ್ಮಾ. ಉಸಿರಾಡೋ ಫುಪ್ಪುಸದಾಗ ಸಣ್ಣ ಸಣ್ಣ ಚೀಲ ಅವ, ಉಳ್ಳಾಗಡ್ಡಿ ಪೊರೆಗಿಂತಾ ತೆಳ್ಳಗ. ಒಳಗ ಗಾಳಿ, ಹೊರಗ ರಕ್ತ. ರಕ್ತ ತನ್ನ ಕೆಟ್ಟ ಗಾಳಿ ಅಲ್ಲಿ ಬಿಟ್ಟು ಒಳ್ಳೇದು ತಗೋತದ. ಕೊಳೆತ ಜೋಳ ಹಗೇವಿನಾಗಿನ ಒಳ್ಳೆ ಗಾಳಿ ಮೊದಲೇ ಮುಗಿಸಿತ್ತು; ಬರೀ ಕೆಟ್ಟದ್ದೇ ತುಂಬಿತ್ತು. ಉಸಿರು ಎಳಕೊಂಡಾರ, ಆದ್ರ ರಕ್ತಕ್ಕ ತಗೊಳ್ಳಾಕ ಏನೂ ಇರಲಿಲ್ಲ, ಬಿಡಾಕ ಜಾಗಾನೂ ಇರಲಿಲ್ಲ."

"ಭಾಳ ತ್ರಾಸ ಆಗಿರಬೇಕಲ್ರೀ?"

"ಭಾಳ ಹೊತ್ತಲ್ಲಮ್ಮಾ," ಅಂದ ಡಾಕ್ಟರು ಬೇರೆ ಕಡೆ ನೋಡಿದರು.

ಗಂಡ ಉಳಿದರು. ಆದರೆ ಬಾಗಿಲು ಹಾಕಿದ ಕೋಣೆಯಲ್ಲಿ ಮತ್ತೆಂದೂ ಮಲಗಲಿಲ್ಲ. ಚಾಚಿ ತಂಗಿಯ ಮನೆಯಲ್ಲೇ ನಿಂತರು. ತಿಂಗಳುಗಳ ಮೇಲೆ ನಾನೂ ಗಂಡನೂ ನೋಡಲು ಹೋದೆವು. ಅವರು ಹೊರಗೆ ಬರಲಿಲ್ಲ. ಪರದೆಯ ಹಿಂದಿನಿಂದ, "ನಿಮ್ಮ ಮ್ಯಾಲ ಸಿಟ್ಟಿಲ್ಲರೀ. ಆದ್ರ ಇನ್ನ ಬರಬ್ಯಾಡ್ರಿ," ಅಂದರು.